ಔಪಚಾರಿಕ ವ್ಯವಸ್ಥೆಗಳಲ್ಲಿ ಸಾಧನೆಯ ಉದ್ದ: ಪ್ರಮೇಯ ಒಂದು ಸಾಲಿನದು, ಸಾಧನೆ ಏಕೆ ಇಷ್ಟು ದೊಡ್ಡದು?

ಸಮೀಕರಣ

ಎಲ್ಲರಿಗೂ ನಮಸ್ಕಾರ. 2016ರಲ್ಲಿ ಹ್ಯೂಲೆ, ಕುಲ್‌ಮನ್ ಮತ್ತು ಮಾರೆಕ್ ಎಂಬ ಮೂವರು ಸಂಶೋಧಕರು ಕಂಪ್ಯೂಟರಿನ ನೆರವಿನಿಂದ ಒಂದು ಪ್ರಮೇಯವನ್ನು ಸಾಧಿಸಿದರು. 1ರಿಂದ 7,825ರವರೆಗಿನ ಸಂಖ್ಯೆಗಳಿಗೆ ಎರಡು ಬಣ್ಣಗಳನ್ನು ಹೇಗೆ ಹಂಚಿದರೂ ಒಂದೇ ಬಣ್ಣದ ಪೈಥಾಗೊರಸ್ ತ್ರಿವಳಿಯೊಂದು (3, 4, 5ರಂತೆ, ಎರಡರ ವರ್ಗಗಳ ಮೊತ್ತ ಮೂರನೆಯದರ ವರ್ಗವಾಗುವ ಮೂರು ಸಂಖ್ಯೆಗಳು) ಸಿಕ್ಕೇ ಸಿಗುತ್ತದೆ, 7,824ಕ್ಕೆ ನಿಲ್ಲಿಸಿದರೆ ಮಾತ್ರ ಅದನ್ನು ತಪ್ಪಿಸುವಂತೆ ಬಣ್ಣ ಹಂಚಬಹುದು ಎಂಬುದೇ ಆ ಪ್ರಮೇಯ. ಹೇಳಲು ಒಂದೆರಡು ಸಾಲು ಸಾಕಾಗುವ ಈ ಮಾತಿನ ಸಾಧನೆ ಸುಮಾರು 200 ಟೆರಾಬೈಟ್‌ಗಳಷ್ಟಿತ್ತು. ಮರುವರ್ಷ ಹ್ಯೂಲೆ ಅವರು ಐದನೆಯ ಶೂರ್ ಸಂಖ್ಯೆ (ಒಂದೇ ಬಣ್ಣದಲ್ಲಿ ಅ + ಬ = ಕ ಬರದಂತೆ ಐದು ಬಣ್ಣಗಳನ್ನು 1ರಿಂದ ಎಲ್ಲಿಯವರೆಗೆ ಹಂಚಬಹುದೋ ಆ ಸಂಖ್ಯೆ) 160 ಎಂದು ಸಾಧಿಸಿದಾಗ ಅದರ ಗಾತ್ರ 2 ಪೆಟಾಬೈಟ್‌ಗಳಿಗೆ ಏರಿತು.

ನನ್ನ ಪ್ರಶ್ನೆ ಎರಡು ಭಾಗದ್ದು. ಪ್ರಮೇಯದ ಉದ್ದವನ್ನು ನೋಡಿ ಅದರ ಸಾಧನೆ ಇಷ್ಟರೊಳಗೆ ಮುಗಿಯಬೇಕು ಎಂದು ಮೊದಲೇ ಹೇಳುವಂತಹ ಮಿತಿ ಏನಾದರೂ ಇದೆಯೇ? ಇಲ್ಲವಾದರೆ, ಸಾಧನೆ ಉದ್ದವಾಗುವುದಕ್ಕೆ ಕಾರಣ ಪ್ರಮೇಯದ ಸ್ವಭಾವವೋ, ಅಥವಾ ಅದನ್ನು ಸಾಧಿಸಲು ನಾವು ಆರಿಸಿಕೊಂಡ ವ್ಯವಸ್ಥೆಯ, ಅಂದರೆ ಸ್ವಯಂಸಿದ್ಧಗಳು ಮತ್ತು ತರ್ಕನಿಯಮಗಳ, ಇತಿಮಿತಿಯೋ?

ನಿಗಮನ

ಸಮೀಕರಣ ಅವರೇ, ಮೊದಲ ಭಾಗಕ್ಕೆ ಖಚಿತವಾದ ಉತ್ತರವಿದೆ: ಅಂತಹ ಮಿತಿ ಇಲ್ಲ. ಅದಕ್ಕೆ ಮುಂಚೆ ಉದ್ದವೆಂದರೆ ಏನನ್ನು ಎಣಿಸುತ್ತೇವೆ ಎಂಬುದನ್ನು ನಿಗದಿಪಡಿಸಿಕೊಳ್ಳೋಣ. ಸಾಧನೆಯಲ್ಲಿ ಎಷ್ಟು ಸಾಲುಗಳಿವೆ ಎಂದು ಎಣಿಸಬಹುದು, ಒಟ್ಟು ಎಷ್ಟು ಚಿಹ್ನೆಗಳಿವೆ ಎಂದೂ ಎಣಿಸಬಹುದು. ಇವೆರಡರ ನಡುವೆ ದೊಡ್ಡ ಅಂತರವಿದೆ, ಏಕೆಂದರೆ ಒಂದೇ ಸಾಲಿನಲ್ಲಿ ಎಷ್ಟು ದೊಡ್ಡ ಸೂತ್ರವನ್ನಾದರೂ ತುಂಬಿಸಬಹುದು. ಚಿಹ್ನೆಗಳನ್ನು ಎಣಿಸುವುದರಲ್ಲಿ ಒಂದು ಅನುಕೂಲವಿದೆ: ನಿಗದಿತ ಉದ್ದದೊಳಗಿನ ಸಾಧನೆಗಳ ಸಂಖ್ಯೆ ಸೀಮಿತವಾಗಿರುವುದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸಬಹುದು.

ಈಗ ವಾದವನ್ನು ಗಮನಿಸಿ. ನೈಸರ್ಗಿಕ ಸಂಖ್ಯೆಗಳ ಪಿಯಾನೋ ವ್ಯವಸ್ಥೆಯಲ್ಲಿ (ಗಣಿತಜ್ಞ ಪಿಯಾನೋ ಅವರ ಹೆಸರಿನ ಅಂಕಗಣಿತದ ಸ್ವಯಂಸಿದ್ಧಗಳು) ‘ನ’ ಚಿಹ್ನೆಗಳುಳ್ಳ ಪ್ರತಿಯೊಂದು ಪ್ರಮೇಯಕ್ಕೂ ಹೆಚ್ಚೆಂದರೆ ಮ(ನ) ಚಿಹ್ನೆಗಳ ಸಾಧನೆಯೊಂದು ಇದ್ದೇ ಇರುತ್ತದೆ ಎಂದೂ, ಆ ‘ಮ’ ಎಂಬ ಫಲನವನ್ನು ಲೆಕ್ಕ ಹಾಕಿ ಕಂಡುಹಿಡಿಯಬಹುದು ಎಂದೂ ಭಾವಿಸೋಣ. ಆಗ ಯಾವುದೇ ಹೇಳಿಕೆ ಪ್ರಮೇಯವೇ ಅಲ್ಲವೇ ಎಂದು ತಿಳಿಯಲು ಮ(ನ) ಚಿಹ್ನೆಗಳವರೆಗಿನ ಎಲ್ಲ ಚಿಹ್ನಾಸಾಲುಗಳನ್ನೂ ಬರೆದು, ಅವುಗಳಲ್ಲಿ ಯಾವುದಾದರೂ ಆ ಹೇಳಿಕೆಯ ಸಾಧನೆಯಾಗಿದೆಯೇ ಎಂದು ನೋಡಿದರೆ ಸಾಕು. ಕಂಡರೆ ಪ್ರಮೇಯ, ಕಾಣದಿದ್ದರೆ ಅಲ್ಲ. ಆದರೆ ಹೀಗೆ ತೀರ್ಮಾನಿಸುವ ಯಾಂತ್ರಿಕ ವಿಧಾನ ಇರಲು ಸಾಧ್ಯವಿಲ್ಲವೆಂದು 1936ರಲ್ಲಿಯೇ ಚರ್ಚ್ ಮತ್ತು ಟ್ಯೂರಿಂಗ್ ತೋರಿಸಿದ್ದಾರೆ. ಆದ್ದರಿಂದ ಲೆಕ್ಕ ಹಾಕಬಹುದಾದ ಯಾವ ಫಲನವನ್ನು ತೆಗೆದುಕೊಂಡರೂ, ಅದು ಎಷ್ಟೇ ವೇಗವಾಗಿ ಬೆಳೆಯಲಿ, ಅದನ್ನು ಮೀರಿದ ಉದ್ದದ ಸಾಧನೆಯನ್ನು ಬೇಡುವ ಪ್ರಮೇಯಗಳು ಇದ್ದೇ ಇರುತ್ತವೆ. ಇಡೀ ವಿಷಯದ ತಳಪಾಯ ಈ ಪುಟ್ಟ ವಾದ ಎಂಬುದು ನನ್ನ ಅಭಿಪ್ರಾಯ.

ಪೂರ್ವಪಕ್ಷ

ನಿಗಮನ ಅವರ ವಾದ ಸರಿಯಾಗಿದೆ, ಆದರೆ ಅಂತಹ ಪ್ರಮೇಯಗಳು ಇವೆ ಎಂದಷ್ಟೇ ಅದು ಹೇಳುತ್ತದೆ, ಒಂದನ್ನೂ ಕೈಗೆ ಕೊಡುವುದಿಲ್ಲ. ಒಂದನ್ನು ಕಟ್ಟಿ ತೋರಿಸುವುದು ಕಷ್ಟವೇನಲ್ಲ. ತರ್ಕಶಾಸ್ತ್ರಜ್ಞ ಗೋಡೆಲ್ ಅವರು 1931ರಲ್ಲಿ ಬಳಸಿದ ಸ್ವಯಂ ಉಲ್ಲೇಖದ ತಂತ್ರವನ್ನೇ ಬಳಸಿ, ‘ಈ ಹೇಳಿಕೆಗೆ ಪಿಯಾನೋ ವ್ಯವಸ್ಥೆಯಲ್ಲಿ 10ರ ನೂರನೆಯ ಘಾತಕ್ಕಿಂತ ಕಡಿಮೆ ಚಿಹ್ನೆಗಳ ಸಾಧನೆ ಇಲ್ಲ’ ಎಂದು ಅರ್ಥ ಕೊಡುವ ಸೂತ್ರವೊಂದನ್ನು ಬರೆಯಬಹುದು. ಇದಕ್ಕೆ ಅಷ್ಟರೊಳಗಿನ ಸಾಧನೆಯೊಂದು ಇದೆ ಎಂದುಕೊಳ್ಳಿ. ಆಗ ಹೇಳಿಕೆ ಸುಳ್ಳು, ಮತ್ತು ಆ ಸಾಧನೆಯನ್ನೇ ಎದುರಿಗಿಟ್ಟು ವ್ಯವಸ್ಥೆಯು ಹೇಳಿಕೆಯನ್ನು ನಿರಾಕರಿಸಬಲ್ಲದು. ಒಂದೇ ಮಾತನ್ನು ಸಾಧಿಸಿ, ನಿರಾಕರಿಸಿಯೂ ಆದ ವ್ಯವಸ್ಥೆ ವಿರೋಧದಲ್ಲಿ ಬೀಳುತ್ತದೆ. ಪಿಯಾನೋ ವ್ಯವಸ್ಥೆ ಸುಸಂಗತವಾಗಿದೆ, ಅಂದರೆ ಅದರಲ್ಲಿ ವಿರೋಧ ಹುಟ್ಟುವುದಿಲ್ಲ ಎಂದು ಒಪ್ಪಿದರೆ ಅಂತಹ ಸಾಧನೆ ಇಲ್ಲವೆಂದೇ ಆಯಿತು, ಅಂದರೆ ಹೇಳಿಕೆ ನಿಜ. ಅದು ನಿಜವಾಗಿರುವುದರಿಂದ, ಅಷ್ಟು ಉದ್ದದೊಳಗಿನ ಎಲ್ಲ ಚಿಹ್ನಾಸಾಲುಗಳನ್ನೂ ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕುವ ಮೂಲಕ ಪಿಯಾನೋ ವ್ಯವಸ್ಥೆಯೂ ಅದನ್ನು ಸಾಧಿಸುತ್ತದೆ. ಆ ಸಾಧನೆಯ ಅಗಾಧತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಾನು ಮೇಲೆ ಕೊಟ್ಟ ವಾದವೇ ಒಂದು ಚಿಕ್ಕ ಸಾಧನೆ ಎಂಬುದನ್ನು ಗಮನಿಸಬೇಕು. ಅದಕ್ಕೆ ಬೇಕಾದ ಹೆಚ್ಚುವರಿ ಬಂಡವಾಳವೆಂದರೆ ‘ಪಿಯಾನೋ ವ್ಯವಸ್ಥೆ ಸುಸಂಗತವಾಗಿದೆ’ ಎಂಬ ಒಂದೇ ಒಂದು ಹೊಸ ಸ್ವಯಂಸಿದ್ಧ. 1936ರ ತಮ್ಮ ಪುಟ್ಟ ಟಿಪ್ಪಣಿಯಲ್ಲಿ ಗೋಡೆಲ್ ಇದನ್ನೇ ಬಹಳ ವಿಸ್ತಾರವಾದ ರೂಪದಲ್ಲಿ ಹೇಳಿದ್ದರು: ಒಂದು ಸ್ತರದ ತರ್ಕದಿಂದ ಅದರ ಮೇಲಿನ ಸ್ತರಕ್ಕೆ ಏರಿದರೆ, ಲೆಕ್ಕ ಹಾಕಬಹುದಾದ ಯಾವ ಫಲನವನ್ನೂ ಮೀರುವಷ್ಟರ ಮಟ್ಟಿಗೆ ಕೆಲವು ಸಾಧನೆಗಳು ಕುಗ್ಗುತ್ತವೆ. ಅವರು ಎಣಿಸಿದ್ದು ಸಾಲುಗಳನ್ನು. ಟಿಪ್ಪಣಿಯಲ್ಲಿ ಸಾಧನೆಯನ್ನು ಕೊಟ್ಟಿರಲಿಲ್ಲ. ಸಾಲುಗಳ ಲೆಕ್ಕದಲ್ಲಿ ಅದರ ಪೂರ್ಣ ಸಾಧನೆಯನ್ನು ಸ್ಯಾಮ್ ಬಸ್ 1994ರಲ್ಲಿ ಪ್ರಕಟಿಸಿದರು. 1971ರಲ್ಲಿ ಏರನ್‌ಫಾಯ್ಟ್ ಮತ್ತು ಮಿಸಿಯೆಲ್‌ಸ್ಕಿ ಇನ್ನೊಂದು ಫಲಿತಾಂಶ ಕೊಟ್ಟರು. ಒಂದು ಹೇಳಿಕೆಯ ನಿಷೇಧವನ್ನು ವ್ಯವಸ್ಥೆಗೆ ಸೇರಿಸಿದಾಗ ಬರುವ ವ್ಯವಸ್ಥೆ ನಿರ್ಣಯಿಸಲಾಗದ್ದಾಗಿದ್ದರೆ (ಅದರಲ್ಲಿ ಯಾವುದು ಪ್ರಮೇಯ, ಯಾವುದು ಅಲ್ಲ ಎಂದು ಯಾಂತ್ರಿಕವಾಗಿ ತೀರ್ಮಾನಿಸಲಾಗದಿದ್ದರೆ), ಆ ಹೇಳಿಕೆಯನ್ನೇ ಸ್ವಯಂಸಿದ್ಧವಾಗಿ ಸೇರಿಸಿಕೊಂಡಾಗ ಹಳೆಯ ಪ್ರಮೇಯಗಳಲ್ಲಿಯೇ ಕೆಲವುಗಳ ಸಾಧನೆಗಳು ಇದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಹೊಸ ಸ್ವಯಂಸಿದ್ಧದಿಂದ ಹೊಸ ಸತ್ಯಗಳು ದೊರೆಯುತ್ತವೆ ಎಂದಷ್ಟೇ ನಾವು ಸಾಮಾನ್ಯವಾಗಿ ಯೋಚಿಸುತ್ತೇವೆ. ಹಳೆಯ ಸತ್ಯಗಳಿಗೆ ದಾರಿ ಹತ್ತಿರವಾಗುವುದೂ ಅಷ್ಟೇ ದೊಡ್ಡ ಲಾಭ ಎಂಬುದು ನನ್ನ ದೃಢವಾದ ಅನಿಸಿಕೆ.

ಸಮೀಕರಣ

ಇಬ್ಬರಿಗೂ ಧನ್ಯವಾದಗಳು. ಆದರೂ ತನ್ನ ಬಗ್ಗೆ ತಾನೇ ಮಾತನಾಡುವ ಹೇಳಿಕೆ ಈ ಉದ್ದೇಶಕ್ಕಾಗಿಯೇ ಹೆಣೆದದ್ದು ಎಂಬ ಅತೃಪ್ತಿ ಉಳಿಯುತ್ತದೆ. ಸ್ವಯಂ ಉಲ್ಲೇಖವಿಲ್ಲದೆ, ಸಾಮಾನ್ಯ ಓದುಗರು ನೋಡಿದ ಕೂಡಲೇ ‘ಇದು ನಿಜವೇ ಸರಿ’ ಎನ್ನುವಂತಹ ಉದಾಹರಣೆ ಇದೆಯೇ?

ನಿಗಮನ

ಇದೆ. ತರ್ಕಶಾಸ್ತ್ರಜ್ಞ ಜಾರ್ಜ್ ಬೂಲೋಸ್ 1987ರಲ್ಲಿ ಕೊಟ್ಟದ್ದು. ಫ(ನ, ಕ) ಎಂಬ ಎರಡು ಸ್ಥಾನಗಳ ಫಲನವನ್ನು ಮೂರು ನಿಯಮಗಳಿಂದ ಹೇಳೋಣ. ಎರಡನೆಯ ಸ್ಥಾನದಲ್ಲಿ 1 ಇದ್ದರೆ ಬೆಲೆ ಯಾವಾಗಲೂ 2. ಮೊದಲ ಸ್ಥಾನದಲ್ಲಿ 1 ಇದ್ದು ಎರಡನೆಯದು ಒಂದು ಹೆಚ್ಚಾದರೆ ಬೆಲೆ 2ರಷ್ಟು ಹೆಚ್ಚುತ್ತದೆ. ಉಳಿದಂತೆ ಫ(ನ+1, ಕ+1) ಎಂದರೆ ಫ(ನ, ಫ(ನ+1, ಕ)). ಇವುಗಳ ಜೊತೆಗೆ ಇನ್ನೆರಡು ಆಧಾರಗಳು: 1ಕ್ಕೆ ‘ಡ’ ಎಂಬ ಗುಣವಿದೆ, ಯಾವುದೇ ಸಂಖ್ಯೆಗೆ ಆ ಗುಣವಿದ್ದರೆ ಅದರ ಮುಂದಿನದಕ್ಕೂ ಇದೆ. ತೀರ್ಮಾನ: ಫ(5, 5)ಕ್ಕೆ ಆ ಗುಣವಿದೆ.

ತೀರ್ಮಾನ ಸರಿ ಎಂಬುದರಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಬೆಲೆಗಳನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಮೊದಲ ಸ್ಥಾನದಲ್ಲಿ 1 ಇದ್ದಾಗ ಫಲನ ದುಪ್ಪಟ್ಟು ಮಾಡುತ್ತದೆ, 2 ಇದ್ದಾಗ 2ರ ಘಾತವನ್ನು ಕೊಡುತ್ತದೆ, 3 ಇದ್ದಾಗ 2ರ ಮೇಲೆ 2ರಂತೆ ಘಾತಗಳ ಗೋಪುರವನ್ನೇ ಕಟ್ಟುತ್ತದೆ. ಫ(4, 2) ಎಂದರೆ 4. ಫ(4, 3) ಎಂದರೆ ನಾಲ್ಕು ಅಂತಸ್ತಿನ ಗೋಪುರ, ಅಂದರೆ 65,536. ಫ(4, 4) ಎಂದರೆ 65,536 ಅಂತಸ್ತುಗಳ ಗೋಪುರ. ಫ(5, 5) ಅದಕ್ಕಿಂತಲೂ ಊಹಿಸಲಾಗದಷ್ಟು ಆಚೆಗಿದೆ. ‘ಎಲ್ಲ ಸಂಖ್ಯೆಗಳಿಗೂ’ ಎಂದಷ್ಟೇ ಹೇಳಬಹುದಾದ ಪ್ರಥಮ ಸ್ತರದ ತರ್ಕದಲ್ಲಿ ಈ ತೀರ್ಮಾನಕ್ಕೆ ಸಾಧನೆ ಇದೆ, ಆದರೆ ಅದರಲ್ಲಿ 65,536 ಅಂತಸ್ತುಗಳ ಆ ಗೋಪುರದಷ್ಟಾದರೂ ಚಿಹ್ನೆಗಳು ಇರಲೇಬೇಕೆಂದು ಬೂಲೋಸ್ ತೋರಿಸಿದರು. ದ್ವಿತೀಯ ಸ್ತರದ ತರ್ಕದಲ್ಲಿ ಗುಣಗಳ ಬಗ್ಗೆಯೇ ‘ಎಲ್ಲ ಗುಣಗಳಿಗೂ’ ಎಂದು ಮಾತನಾಡಬಹುದು. ಆದ್ದರಿಂದ ‘1ನ್ನು ಒಳಗೊಂಡು, ಮುಂದಿನ ಸಂಖ್ಯೆಗೂ ದಾಟುವ ಪ್ರತಿಯೊಂದು ಗುಣವೂ ಯಾವುದಕ್ಕಿದೆಯೋ ಅದು’ ಎಂದು ನೈಸರ್ಗಿಕ ಸಂಖ್ಯೆಯನ್ನು ಒಂದೇ ಸೂತ್ರದಲ್ಲಿ ಹಿಡಿದಿಟ್ಟು, ಅಂತಹ ಸಂಖ್ಯೆಗಳಿಗೆ ಫಲನವನ್ನು ಅನ್ವಯಿಸಿದರೆ ಅಂತಹ ಸಂಖ್ಯೆಯೇ ಬರುತ್ತದೆ ಎಂದು ಒಂದರೊಳಗೊಂದು ಹುದುಗಿದ ಎರಡು ಅನುಗಮನಗಳಿಂದ ತೋರಿಸಿದರೆ ಕೆಲಸ ಮುಗಿಯುತ್ತದೆ. ಒಂದೆರಡು ಪುಟ ಸಾಕು.

ನಿಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಇದರಿಂದ ಒಂದು ದಾರಿ ಕಾಣುತ್ತದೆ. ಪ್ರಮೇಯ ಬದಲಾಗಲಿಲ್ಲ. ಬದಲಾದದ್ದು, ಯಾವುದನ್ನು ಹೆಸರಿಟ್ಟು ಕರೆಯಲು ವ್ಯವಸ್ಥೆಯು ನಮಗೆ ಅವಕಾಶ ಕೊಡುತ್ತದೆ ಎಂಬುದು ಮಾತ್ರ.

ಗಣಕಪಥ

ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನಿಗಮನ ಅವರ ಕೊನೆಯ ಮಾತು ದ್ವಿತೀಯ ಸ್ತರದ ತರ್ಕದವರೆಗೆ ಹೋಗಬೇಕಾಗಿಲ್ಲ, ಬರಿಯ ನಿಜ–ಸುಳ್ಳುಗಳ ತರ್ಕದಲ್ಲಿಯೇ ಅದು ಕಣ್ಣಿಗೆ ಕಟ್ಟುತ್ತದೆ ಎಂದು ತೋರಿಸಲು ಬರೆಯುತ್ತಿದ್ದೇನೆ.

ಪಾರಿವಾಳ–ಗೂಡು ತತ್ವವನ್ನು ತೆಗೆದುಕೊಳ್ಳಿ: 11 ಪಾರಿವಾಳಗಳನ್ನು 10 ಗೂಡುಗಳಲ್ಲಿ ಗೂಡಿಗೊಂದರಂತೆ ಕೂರಿಸಲಾಗದು. ‘ಇಂತಹ ಪಾರಿವಾಳ ಇಂತಹ ಗೂಡಿನಲ್ಲಿದೆ’ ಎಂಬುದಕ್ಕೆ ಒಂದೊಂದು ಚರಾಕ್ಷರ ಇಟ್ಟರೆ 110 ಚರಾಕ್ಷರಗಳಾಗುತ್ತವೆ. ಪ್ರತಿ ಪಾರಿವಾಳಕ್ಕೂ ಯಾವುದಾದರೂ ಗೂಡು ಇರಬೇಕು ಎಂಬ 11 ಷರತ್ತುಗಳು, ಯಾವ ಎರಡು ಪಾರಿವಾಳಗಳೂ ಒಂದೇ ಗೂಡಿನಲ್ಲಿ ಇರಬಾರದು ಎಂಬ 550 ಷರತ್ತುಗಳು, ಒಟ್ಟು 561. ಇವೆಲ್ಲವೂ ಏಕಕಾಲಕ್ಕೆ ನಿಜವಾಗಲಾರವು ಎಂದು ಸಾಧಿಸಬೇಕು. ಇಂತಹ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಬಹುದೇ ಎಂದು ಹುಡುಕುವ ತಂತ್ರಾಂಶಗಳಾದ ಇಂದಿನ ಸ್ಯಾಟ್ ಸಾಲ್ವರ್‌ಗಳ ಬುನಾದಿಯಾಗಿರುವ ರೆಸಲ್ಯೂಶನ್ ವ್ಯವಸ್ಥೆಯಲ್ಲಿರುವುದು ಒಂದೇ ನಿಯಮ: ಒಂದು ಷರತ್ತು ಚರಾಕ್ಷರವೊಂದನ್ನೂ ಇನ್ನೊಂದು ಷರತ್ತು ಅದರ ನಿಷೇಧವನ್ನೂ ಹೊಂದಿದ್ದರೆ, ಆ ಎರಡನ್ನೂ ಬಿಟ್ಟು ಉಳಿದದ್ದನ್ನು ಕೂಡಿಸಿ ಹೊಸ ಷರತ್ತಾಗಿ ಬರೆಯಬಹುದು. ಈ ವ್ಯವಸ್ಥೆಯಲ್ಲಿ ಪಾರಿವಾಳ–ಗೂಡು ತತ್ವದ ಯಾವ ಸಾಧನೆಯೂ ಗೂಡುಗಳ ಸಂಖ್ಯೆಗೆ ಅನುಗುಣವಾಗಿ ಘಾತೀಯವಾಗಿ ಬೆಳೆಯಲೇಬೇಕೆಂದು ಆರ್ಮಿನ್ ಹೇಕನ್ 1985ರಲ್ಲಿ ಸಾಧಿಸಿದರು. ಯಾರೂ ಚಿಕ್ಕದನ್ನು ಇನ್ನೂ ಕಂಡುಕೊಂಡಿಲ್ಲ ಎಂಬ ಮಾತಲ್ಲ ಇದು. ಚಿಕ್ಕದು ಇರಲಾರದು ಎಂಬುದೇ ಫಲಿತಾಂಶ.

ಆದರೆ ಹೊಸ ಚರಾಕ್ಷರಗಳನ್ನು ವ್ಯಾಖ್ಯಾನಿಸಿಕೊಳ್ಳಲು ಅನುಮತಿ ಇದ್ದರೆ ಚಿತ್ರ ಪೂರ್ತಿ ಬದಲಾಗುತ್ತದೆ. 1976ರಲ್ಲಿ ಸ್ಟೀಫನ್ ಕುಕ್ ತೋರಿಸಿದ ಉಪಾಯ ಹೀಗಿದೆ. ಕೊನೆಯ ಪಾರಿವಾಳವನ್ನೂ ಕೊನೆಯ ಗೂಡನ್ನೂ ತೆಗೆದುಹಾಕೋಣ. ಉಳಿದ ಪಾರಿವಾಳಗಳಲ್ಲಿ ಯಾವುದಾದರೂ ಆ ಕೊನೆಯ ಗೂಡಿನಲ್ಲಿದ್ದರೆ, ಕೊನೆಯ ಪಾರಿವಾಳ ಬಿಟ್ಟುಹೋದ ಗೂಡಿಗೆ ಅದನ್ನು ಕಳಿಸೋಣ. ಸೂತ್ರದಲ್ಲಿ ಹೇಳುವುದಾದರೆ, ‘ಅ ಪಾರಿವಾಳ ಗ ಗೂಡಿನಲ್ಲಿದೆ, ಅಥವಾ ಅ ಕೊನೆಯ ಗೂಡಿನಲ್ಲಿದ್ದು ಕೊನೆಯ ಪಾರಿವಾಳ ಗ ಗೂಡಿನಲ್ಲಿದೆ’ ಎಂಬುದಕ್ಕೆ ಹೊಸ ಚರಾಕ್ಷರವೊಂದನ್ನು ಇಡುತ್ತೇವೆ, ಅಷ್ಟೇ. ಈ ಹೊಸ ಚರಾಕ್ಷರಗಳು 10 ಪಾರಿವಾಳ ಮತ್ತು 9 ಗೂಡುಗಳ ಷರತ್ತುಗಳನ್ನು ಪಾಲಿಸುತ್ತವೆ ಎಂಬುದನ್ನು ಕೆಲವೇ ಹೆಜ್ಜೆಗಳಲ್ಲಿ ಪಡೆಯಬಹುದು. ಹೀಗೆಯೇ ಇಳಿಯುತ್ತ ಹೋದರೆ 2 ಪಾರಿವಾಳ, 1 ಗೂಡಿಗೆ ಬಂದು ನಿಲ್ಲುತ್ತೇವೆ, ಅಲ್ಲಿ ವಿರೋಧ ಎದ್ದು ಕಾಣುತ್ತದೆ. ಒಟ್ಟು ಸಾಧನೆಯ ಉದ್ದ ಗೂಡುಗಳ ಸಂಖ್ಯೆಯ ಬಹುಪದೋಕ್ತಿಯನ್ನು ಮೀರುವುದಿಲ್ಲ. ನಾವು ತರಗತಿಯಲ್ಲಿ ಅನುಗಮನದಿಂದ ಕಲಿಯುವ ಸಾಧನೆಯೇ ಇಲ್ಲಿ ಬೇರೆ ವೇಷದಲ್ಲಿದೆ. ವ್ಯಾಖ್ಯಾನಿಸುವ ಹಕ್ಕಿಲ್ಲದ ವ್ಯವಸ್ಥೆಗೆ ಅದನ್ನು ಹೇಳಲು ಬಾಯಿಯೇ ಇರಲಿಲ್ಲ.

ಸಮೀಕರಣ

ಗಣಕಪಥ ಅವರೇ, ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ಹಾಗಾದರೆ ಆ 200 ಟೆರಾಬೈಟ್ ಕೂಡ ರೆಸಲ್ಯೂಶನ್ ಎಂಬ ದುರ್ಬಲ ವ್ಯವಸ್ಥೆಯ ಫಲವೇ? ಸರಿಯಾದ ಪರಿಕಲ್ಪನೆಯೊಂದು ಸಿಕ್ಕರೆ ಅದು ನಾಲ್ಕು ಪುಟಕ್ಕೆ ಇಳಿಯಬಹುದೇ?

ಗಣಕಪಥ

ಅಷ್ಟು ದೂರ ಹೋಗಲು ನಾನು ಸಿದ್ಧನಿಲ್ಲ. ಆ ಸಾಧನೆಯನ್ನು ದಾಖಲಿಸಿದ ರೂಪ ಹೊಸ ಚರಾಕ್ಷರಗಳಿಗೂ ಅವಕಾಶ ಕೊಡುವಂತಹದ್ದು, ಆದರೆ ಸಾಲ್ವರ್‌ಗಳು ಒಳ್ಳೆಯ ವ್ಯಾಖ್ಯೆಗಳನ್ನು ತಾವಾಗಿಯೇ ಕಂಡುಕೊಳ್ಳುವುದು ಅಪರೂಪ. ಅವು ಪ್ರಕರಣಗಳನ್ನು ಒಡೆದು ಒಂದೊಂದಾಗಿ ಮುಗಿಸುತ್ತವೆ. 7,825 ಎಂಬ ಸಂಖ್ಯೆಯ ಹಿಂದೆ ಯಾವುದಾದರೂ ಸುಂದರವಾದ ಕಾರಣವಿದೆ ಎಂದು ನಂಬಲು ಸದ್ಯಕ್ಕೆ ಆಧಾರವಿಲ್ಲ.

ಹೋಲಿಕೆಗೆ ಎರ್ಡಿಶ್ ಅವರ ವ್ಯತ್ಯಾಸದ ಸಮಸ್ಯೆಯನ್ನು ನೋಡಿ. +1 ಮತ್ತು −1ಗಳ ಯಾವ ಅನಂತ ಶ್ರೇಣಿಯನ್ನು ತೆಗೆದುಕೊಂಡರೂ, ಸಮಾನ ಅಂತರದಲ್ಲಿ (ದ, 2ದ, 3ದ ಎಂಬಂತಹ ಸ್ಥಾನಗಳಿಂದ) ಆಯ್ದ ಪದಗಳ ಮೊತ್ತವನ್ನು ಯಾವುದೇ ಮಿತಿಯೊಳಗೆ ಹಿಡಿದಿಡಲಾಗದು ಎಂಬುದು ಅದರ ಸಾರ. 2014ರಲ್ಲಿ ಕೊನೆವ್ ಮತ್ತು ಲಿಸಿತ್ಸಾ ಮಿತಿ 2 ಆಗಿರುವ ಪ್ರಕರಣವನ್ನು ಸ್ಯಾಟ್ ಸಾಲ್ವರಿನಿಂದ ಬಿಡಿಸಿದರು: 1,160 ಪದಗಳವರೆಗೆ ಹಿಡಿದಿಡಬಹುದು, 1,161ಕ್ಕೆ ಆಗದು. ಆ ಸಾಧನೆ 13 ಗಿಗಾಬೈಟ್‌ಗಳಷ್ಟಿತ್ತು. ಮರುವರ್ಷವೇ ಟೆರೆನ್ಸ್ ಟಾವೋ ಎಲ್ಲ ಮಿತಿಗಳಿಗೂ ಅನ್ವಯಿಸುವ ಸಾಧನೆಯನ್ನು ಸಾಮಾನ್ಯ ಗಣಿತ ಪ್ರಬಂಧವೊಂದರ ಅಳತೆಯಲ್ಲಿ ಬರೆದರು. ಹಾಗೆಂದು ಟಾವೋ ಅವರ ಸಾಧನೆ 13 ಗಿಗಾಬೈಟ್‌ಗಳ ಸಂಕ್ಷೇಪವಲ್ಲ. ಅದು ಎಲ್ಲ ಮಿತಿಗಳನ್ನೂ ಒಮ್ಮೆಗೇ ಗೆಲ್ಲುತ್ತದೆ, ಆದರೆ ಮಿತಿ 2ಕ್ಕೆ ಗಡಿ ಸರಿಯಾಗಿ 1,161 ಎಂಬುದನ್ನು ಹೇಳುವುದಿಲ್ಲ. ಹೆಚ್ಚು ವ್ಯಾಪಕವಾದ ಪ್ರಮೇಯಕ್ಕೆ ಚಿಕ್ಕ ಸಾಧನೆ, ನಿರ್ದಿಷ್ಟ ಸಂಖ್ಯೆಯನ್ನು ಕೊಡುವ ಪ್ರಮೇಯಕ್ಕೆ ದೊಡ್ಡ ಸಾಧನೆ: ಈ ವೈಪರೀತ್ಯವನ್ನು ನೆನಪಿನಲ್ಲಿಡಬೇಕು.

ನಿಗಮನ

ವ್ಯಾಖ್ಯಾನಿಸುವ ಹಕ್ಕಿನ ಬಗ್ಗೆ ಇನ್ನೊಂದು ಮಾತು. ಗೆಂಟ್‌ಸೆನ್ 1930ರ ದಶಕದಲ್ಲಿ ಕಟ್ಟಿದ ವ್ಯವಸ್ಥೆಯಲ್ಲಿ ‘ಕಟ್’ ಎಂಬ ನಿಯಮವಿದೆ. ಮೊದಲು ಒಂದು ಉಪಪ್ರಮೇಯವನ್ನು ಸಾಧಿಸಿ, ಆಮೇಲೆ ಅದನ್ನು ಬೇಕಾದಲ್ಲೆಲ್ಲ ಬಳಸುವುದೇ ಅದರ ತಿರುಳು. ಪ್ರಥಮ ಸ್ತರದ ತರ್ಕದಲ್ಲಿ ಆ ನಿಯಮವಿಲ್ಲದೆಯೂ ಎಲ್ಲವನ್ನೂ ಸಾಧಿಸಬಹುದೆಂದು ಅವರು ತೋರಿಸಿದರು. ತರ್ಕದ ದೃಷ್ಟಿಯಿಂದ ಅದು ಅಮೂಲ್ಯವಾದ ಫಲಿತಾಂಶ. ಆದರೆ ತೆರಬೇಕಾದ ಬೆಲೆ ಎಷ್ಟೆಂದು 1979ರಲ್ಲಿ ಸ್ಟಾಟ್‌ಮನ್ ಮತ್ತು ಒರೆವ್‌ಕೊವ್ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು: ಕೆಲವು ಪ್ರಮೇಯಗಳಲ್ಲಿ ಕಟ್ ನಿಯಮವನ್ನು ಕಿತ್ತರೆ ಸಾಧನೆಯು ಘಾತಗಳ ಗೋಪುರದಷ್ಟು ಉಬ್ಬುತ್ತದೆ, ಮತ್ತು ಆ ಗೋಪುರದ ಎತ್ತರವೂ ಪ್ರಮೇಯದೊಂದಿಗೆ ಬೆಳೆಯುತ್ತದೆ. ಉಪಪ್ರಮೇಯಗಳು ಕೇವಲ ಬರವಣಿಗೆಯ ಅನುಕೂಲವಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಸಂಕ್ಷೇಪಗಳನ್ನೆಲ್ಲ ಬಿಡಿಸಿ ಬರೆದರೆ ಏನಾಗುತ್ತದೆ ಎಂಬುದಕ್ಕೆ ಬುರ್ಬಾಕಿ ಎಂಬ ಹೆಸರಿನಲ್ಲಿ ಒಟ್ಟಾಗಿ ಬರೆದ ಫ್ರೆಂಚ್ ಗಣಿತಜ್ಞರ ಗುಂಪಿನ ಗಣಸಿದ್ಧಾಂತ ಉದಾಹರಣೆ. ಅವರ ಮೂಲ ಭಾಷೆಯಲ್ಲಿ ‘1’ ಎಂಬ ಸಂಖ್ಯೆಯ ವ್ಯಾಖ್ಯೆಯನ್ನು ಪೂರ್ತಿ ಬಿಡಿಸಿದರೆ ಕೆಲವು ಹತ್ತು ಸಾವಿರ ಚಿಹ್ನೆಗಳಾಗಬಹುದೆಂದು ಅವರೇ ಅಂದಾಜಿಸಿದ್ದರು. ಏಡ್ರಿಯನ್ ಮಥಾಯಸ್ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದು 45,23,65,94,24,929 ಚಿಹ್ನೆಗಳು, ಅಂದರೆ ನಾಲ್ಕೂವರೆ ಲಕ್ಷ ಕೋಟಿಗೂ ಹೆಚ್ಚು. ಅದೇ ಹೊತ್ತಿಗೆ, ಸಂಕ್ಷೇಪಗಳನ್ನೂ ಉಪಪ್ರಮೇಯಗಳನ್ನೂ ಧಾರಾಳವಾಗಿ ಬಳಸುವ ಇಂದಿನ ಸಾಧನಾ ಸಹಾಯಕ ತಂತ್ರಾಂಶಗಳಲ್ಲಿ ಔಪಚಾರಿಕ ಸಾಧನೆಯು ಪುಸ್ತಕದ ಸಾಧನೆಯ ಸುಮಾರು ನಾಲ್ಕು ಪಟ್ಟು ಇರುವುದೇ ವಾಡಿಕೆ. 1963ರ ಫೈಟ್–ಥಾಮ್ಸನ್ ಪ್ರಮೇಯದ 255 ಪುಟಗಳ ಸಾಧನೆಯನ್ನು ಗೊಂತಿಯೆ ಅವರ ತಂಡ 2012ರಲ್ಲಿ ಕಾಕ್ ತಂತ್ರಾಂಶದಲ್ಲಿ ಪೂರ್ಣಗೊಳಿಸಲು ಸಾಧ್ಯವಾದದ್ದು ಈ ಕಾರಣದಿಂದಲೇ.

ಪೂರ್ವಪಕ್ಷ

ನಿಗಮನ ಮತ್ತು ಗಣಕಪಥ ಇಬ್ಬರೂ ವ್ಯವಸ್ಥೆಯ ಕಡೆಗೇ ವಾಲುತ್ತಿದ್ದೀರಿ. ಪ್ರಮೇಯದ ಪಾಲಿಗೂ ಏನಾದರೂ ಉಳಿಯಬೇಕಲ್ಲವೇ? ನಿಜ–ಸುಳ್ಳುಗಳ ತರ್ಕದಲ್ಲಿ ವ್ಯವಸ್ಥೆಯನ್ನು ಎಷ್ಟು ಬಲಪಡಿಸಿದರೂ ಕೆಲವು ಪ್ರಮೇಯಗಳ ಸಾಧನೆ ಉದ್ದವಾಗಿಯೇ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕುಕ್ ಮತ್ತು ರೆಕ್‌ಹೌ 1979ರಲ್ಲಿ ನಿಖರವಾಗಿ ರೂಪಿಸಿದರು. ಪರಿಶೀಲನೆ ಬಹುಪದೋಕ್ತಿ ಕಾಲದಲ್ಲಿ ಮುಗಿಯಬೇಕು ಎಂಬ ಒಂದೇ ಕಟ್ಟುಪಾಡಿನ ಯಾವುದಾದರೂ ವ್ಯವಸ್ಥೆಯಲ್ಲಿ ಎಲ್ಲ ನಿತ್ಯಸತ್ಯ ಸೂತ್ರಗಳಿಗೂ (ಚರಾಕ್ಷರಗಳಿಗೆ ಏನೇ ಬೆಲೆ ಕೊಟ್ಟರೂ ನಿಜವಾಗುವವು) ಬಹುಪದೋಕ್ತಿಯ ಮಿತಿಯೊಳಗಿನ ಸಾಧನೆಗಳಿದ್ದರೆ ಎನ್‌ಪಿ (‘ಹೌದು’ ಎಂಬ ಉತ್ತರವನ್ನು ಬೇಗ ಪರಿಶೀಲಿಸಬಹುದಾದ ಪ್ರಶ್ನೆಗಳು) ಮತ್ತು ಕೋ–ಎನ್‌ಪಿ (‘ಇಲ್ಲ’ ಎಂಬ ಉತ್ತರವನ್ನು ಬೇಗ ಪರಿಶೀಲಿಸಬಹುದಾದವು) ಎಂಬ ಎರಡು ವರ್ಗಗಳು ಒಂದೇ ಆಗುತ್ತವೆ. ಅವು ಒಂದೇ ಆಗಿದ್ದರೆ ಅಂತಹ ವ್ಯವಸ್ಥೆಯೂ ಇರುತ್ತದೆ. ಅವು ಬೇರೆ ಎಂದೇ ಬಹುತೇಕ ತಜ್ಞರ ನಂಬಿಕೆ. ಹಾಗಿದ್ದಲ್ಲಿ ಯಾವ ವ್ಯವಸ್ಥೆಗೂ ಬಗ್ಗದ ಸೂತ್ರಗಳ ಸಾಲುಗಳು ಇದ್ದೇ ಇರುತ್ತವೆ.

ಆದರೆ ನಮ್ಮ ಕೈಯಲ್ಲಿರುವ ಫಲಿತಾಂಶಗಳು ಎಷ್ಟು ಕಡಿಮೆ ಎಂಬುದನ್ನೂ ಹೇಳಲೇಬೇಕು. ಪಠ್ಯಪುಸ್ತಕಗಳಲ್ಲಿ ಬರುವ ಸಾಮಾನ್ಯ ಫ್ರೇಗೆ ವ್ಯವಸ್ಥೆಯಲ್ಲಿ (ಕೆಲವು ಸ್ವಯಂಸಿದ್ಧಗಳು ಮತ್ತು ‘ಅ, ಅ ಆದರೆ ಬ, ಆದ್ದರಿಂದ ಬ’ ಎಂಬಂತಹ ನಿಯಮಗಳಿರುವುದು), ಸೂತ್ರಗಳ ಆಳವನ್ನು, ಅಂದರೆ ‘ಮತ್ತು’, ‘ಅಥವಾ’ಗಳು ಒಂದರೊಳಗೊಂದು ಹುದುಗುವ ಮಟ್ಟವನ್ನು, ಒಂದು ಸ್ಥಿರಾಂಕಕ್ಕೆ ಕಟ್ಟಿಹಾಕಿದರೆ, ಪಾರಿವಾಳ–ಗೂಡು ತತ್ವಕ್ಕೆ ಬಹುಪದೋಕ್ತಿ ಉದ್ದದ ಸಾಧನೆ ಇಲ್ಲವೆಂದು ಐತಾಯ್ 1988ರಲ್ಲಿ ತೋರಿಸಿದರು. ಆ ಕಟ್ಟನ್ನು ಬಿಚ್ಚಿದರೆ ಅಂತಹ ಸಾಧನೆ ಇದೆ ಎಂದು ಬಸ್ ಅದಕ್ಕೂ ಮೊದಲೇ, 1987ರಲ್ಲಿ, ಎಣಿಕೆಯನ್ನೇ ಸೂತ್ರಗಳಲ್ಲಿ ಅಡಕಿಸಿ ತೋರಿಸಿದ್ದರು. ಕಟ್ಟುಪಾಡಿಲ್ಲದ ಫ್ರೇಗೆ ವ್ಯವಸ್ಥೆಯಲ್ಲಿ ಯಾವುದಾದರೂ ಸೂತ್ರಗಳ ಸಾಲಿಗೆ ಬಹುಪದೋಕ್ತಿಯನ್ನು ಮೀರಿದ ಸಾಧನೆ ಬೇಕೇಬೇಕು ಎಂದು ಇಂದಿಗೂ ಯಾರೂ ಸಾಧಿಸಿಲ್ಲ. ಸಾಧಿತವಾಗಿರುವ ಕೆಳಮಿತಿ ಸೂತ್ರದ ಉದ್ದದ ವರ್ಗದ (ನ²) ಪ್ರಮಾಣದ್ದು ಮಾತ್ರ. ತರಗತಿಯಲ್ಲಿ ಮೊದಲ ವಾರ ಪರಿಚಯಿಸುವ ವ್ಯವಸ್ಥೆಯ ಬಗ್ಗೆ ನಮ್ಮ ಅರಿವು ಇಷ್ಟೇ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಈ ಪ್ರಶ್ನೆಯ ಬೇರು ಇನ್ನೂ ಹಿಂದಿನದು. 1956ರ ಮಾರ್ಚ್ 20ರಂದು, ತೀವ್ರ ಅಸ್ವಸ್ಥರಾಗಿದ್ದ ಗಣಿತಜ್ಞ ಫಾನ್ ನಾಯ್ಮನ್ ಅವರಿಗೆ ಬರೆದ ಪತ್ರದಲ್ಲಿ ಗೋಡೆಲ್, ಸೂತ್ರವೊಂದಕ್ಕೆ ‘ನ’ ಉದ್ದದ ಸಾಧನೆ ಇದೆಯೇ ಎಂದು ಕಂಡುಹಿಡಿಯಲು ಯಂತ್ರಕ್ಕೆ ಎಷ್ಟು ಹೆಜ್ಜೆಗಳು ಬೇಕಾಗುತ್ತವೆ, ಅದು ನ ಅಥವಾ ನ ವರ್ಗದ ಪ್ರಮಾಣದಲ್ಲಿಯೇ ಬೆಳೆಯಬಹುದೇ ಎಂದು ಕೇಳಿದ್ದರು. ಪಿ (ಉತ್ತರವನ್ನೇ ಬೇಗ ಕಂಡುಹಿಡಿಯಬಹುದಾದ ಪ್ರಶ್ನೆಗಳ ವರ್ಗ) ಮತ್ತು ಎನ್‌ಪಿ ಎಂಬ ಹೆಸರುಗಳು ಹುಟ್ಟುವುದಕ್ಕೆ ಬಹಳ ಮುಂಚಿನ ಮಾತು ಇದು. ಫಾನ್ ನಾಯ್ಮನ್ ಮರುವರ್ಷದ ಫೆಬ್ರವರಿಯಲ್ಲಿ ತೀರಿಕೊಂಡರು.

ಸಮೀಕರಣ

ಕೊನೆಯದಾಗಿ ಒಂದು ಕೇಳುತ್ತೇನೆ. ವ್ಯವಸ್ಥೆಯೊಂದು ತನ್ನ ಸುಸಂಗತತೆಯನ್ನು ತಾನೇ ಸಾಧಿಸಲಾರದು ಎಂದು ಗೋಡೆಲ್ ತೋರಿಸಿದ್ದಾರೆ. ಆದರೆ ‘ನನ್ನಲ್ಲಿ ನ ಚಿಹ್ನೆಗಳೊಳಗೆ ವಿರೋಧ ಹುಟ್ಟುವುದಿಲ್ಲ’ ಎಂಬ ಸೀಮಿತ ಹೇಳಿಕೆಯನ್ನು ಪ್ರತಿಯೊಂದು ನಿರ್ದಿಷ್ಟ ಸಂಖ್ಯೆಗೂ ಸಾಧಿಸಬಹುದಲ್ಲವೇ? ಅದಕ್ಕೂ ಎಲ್ಲ ಸಾಲುಗಳನ್ನು ಪರಿಶೀಲಿಸಿ ತಳ್ಳಿಹಾಕುವುದೊಂದೇ ದಾರಿಯೇ?

ಪೂರ್ವಪಕ್ಷ

ಅಲ್ಲ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶವೇ ಇದಕ್ಕೆ ಉತ್ತರ. ಸೀಮಿತ ಸಂಖ್ಯೆಯ ಸ್ವಯಂಸಿದ್ಧಗಳುಳ್ಳ, ಸಾಕಷ್ಟು ಅಂಕಗಣಿತವನ್ನು ಒಳಗೊಂಡ ಸುಸಂಗತ ವ್ಯವಸ್ಥೆಯು ಈ ಸೀಮಿತ ಹೇಳಿಕೆಗಳನ್ನು ‘ನ’ದ ಬಹುಪದೋಕ್ತಿಯಷ್ಟು ಉದ್ದದಲ್ಲಿಯೇ ಸಾಧಿಸುತ್ತದೆ ಎಂದು ಪಾವೆಲ್ ಪುಡ್ಲಾಕ್ 1980ರ ದಶಕದಲ್ಲಿ ತೋರಿಸಿದರು. ಪರಿಶೀಲಿಸಿ ತಳ್ಳಿಹಾಕುವ ದಾರಿ ಘಾತೀಯವಾದದ್ದು, ಅದರ ಅಗತ್ಯವಿಲ್ಲ. ‘ನ’ ಚಿಹ್ನೆಗಳ ಸಾಧನೆಯಲ್ಲಿ ಬರುವ ಸೂತ್ರಗಳಿಗೆ ಮಾತ್ರ ಅನ್ವಯಿಸುವ ‘ಸತ್ಯ’ದ ವ್ಯಾಖ್ಯೆಯೊಂದನ್ನು ವ್ಯವಸ್ಥೆಯೊಳಗೇ ಕಟ್ಟಿಕೊಂಡು, ಪ್ರತಿ ಹೆಜ್ಜೆಯೂ ಸತ್ಯವನ್ನು ಕಾಪಾಡುತ್ತದೆ ಎಂದು ತೋರಿಸುವುದು ಅದರ ಉಪಾಯ. ಇಲ್ಲಿಯೂ ಕೆಲಸ ಮಾಡಿದ್ದು ವ್ಯಾಖ್ಯೆಯೇ ಎಂದು ನಿಗಮನ ಅವರು ಹೇಳಿದರೆ ನಾನು ಒಪ್ಪುತ್ತೇನೆ.

ಈಗ ಸ್ವಲ್ಪ ಹೆಚ್ಚು ಕೇಳಿ ನೋಡೋಣ. ಅದೇ ವ್ಯವಸ್ಥೆಯು ತನಗಿಂತ ಬಲವಾದ, ಅಂದರೆ ‘ನಾನು ಸುಸಂಗತ’ ಎಂಬ ಸ್ವಯಂಸಿದ್ಧವನ್ನು ತನಗೇ ಸೇರಿಸಿಕೊಂಡಾಗ ಬರುವ ವ್ಯವಸ್ಥೆಯ ಸೀಮಿತ ಸುಸಂಗತತೆಯನ್ನು ಬಹುಪದೋಕ್ತಿ ಉದ್ದದಲ್ಲಿ ಸಾಧಿಸಬಲ್ಲದೇ? ಸಾಧಿಸಲಾರದು ಎಂಬುದು ಪುಡ್ಲಾಕ್ ಅವರ ಊಹೆ. ಅದನ್ನು ಯಾರಾದರೂ ಸಾಧಿಸಿದರೆ ಪಿ ಮತ್ತು ಎನ್‌ಪಿ ಬೇರೆ ಬೇರೆ ಎಂಬುದೂ ಅದರ ಜೊತೆಗೇ ಸಾಧಿತವಾಗುತ್ತದೆ. ಇಂದಿನವರೆಗೆ ಅದು ಊಹೆಯಾಗಿಯೇ ಇದೆ.